ಕಪ್ ದುಡ್ಡಿಗೆ ಸಿಕ್ಕಿತೇ? ಲೆಕ್ಕ ಹಾಕಿ ನೋಡೋಣ



ಅಮೆರಿಕದ ಬೇಸ್‌ಬಾಲ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 2024 ಮತ್ತು 2025ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ಗೆದ್ದಿತು. ಕೂಡಲೇ ಶುರುವಾಯಿತು ದೂರು: "ದುಡ್ಡು ಸುರಿದು ಕಪ್ ಕೊಂಡರು, ಇದು ಮೋಸ." ನಾನಂತೂ ಇದನ್ನು ಒಪ್ಪುವುದಿಲ್ಲ.

ಮೊದಲು ವಿಷಯ ತಿಳಿಯೋಣ. 2023ರ ಡಿಸೆಂಬರ್‌ನಲ್ಲಿ ಜಪಾನಿನ ಶೋಹೇ ಒಟಾನಿ ಡಾಡ್ಜರ್ಸ್ ಸೇರಿದರು. 10 ವರ್ಷಕ್ಕೆ 70 ಕೋಟಿ ಡಾಲರ್. ಆದರೆ ಆಡುವಾಗ ತಂಡದಿಂದ ಸಿಗುವುದು ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ! ಉಳಿದ 68 ಕೋಟಿ, ಬಡ್ಡಿಯಿಲ್ಲದೆ, 2034ರಿಂದ 2043ರವರೆಗೆ. ಹತ್ತು ವರ್ಷದ ನಂತರ ಬರುವ ಹಣಕ್ಕೆ ಇವತ್ತಿನ ಬೆಲೆ ಕಡಿಮೆ. ಹಾಗಾಗಿ ಲಕ್ಷುರಿ ಟ್ಯಾಕ್ಸ್ ಲೆಕ್ಕದಲ್ಲಿ ವರ್ಷಕ್ಕೆ 7 ಕೋಟಿಯ ಬದಲು ಸುಮಾರು 4.6 ಕೋಟಿ ಎಂದು ಹಿಡಿಯುತ್ತಾರೆ. ಅದೇ ತಿಂಗಳು ಡಾಡ್ಜರ್ಸ್ ಯೋಶಿನೋಬು ಯಮಾಮೊಟೊ ಅವರನ್ನೂ ಸೇರಿಸಿಕೊಂಡಿತು. 2025ರ ಫೈನಲ್ ಸರಣಿಯ ಶ್ರೇಷ್ಠ ಆಟಗಾರ ಅವರೇ.

ಮೋಸ ಎನ್ನುವವರಿಗೆ ನನ್ನ ಪ್ರಶ್ನೆಗಳು ಮೂರು.

ಒಂದು, ಯಾವ ನಿಯಮ ಮುರಿದರು? ಮಾಲೀಕರೂ ಆಟಗಾರರ ಸಂಘವೂ ಸಹಿ ಹಾಕಿದ ಒಪ್ಪಂದದಲ್ಲಿ ಸಂಬಳ ಮುಂದೂಡಲು ಮಿತಿಯೇ ಇಲ್ಲ. ವಾಷಿಂಗ್ಟನ್ ನ್ಯಾಷನಲ್ಸ್ 2015ರಲ್ಲಿ ಮ್ಯಾಕ್ಸ್ ಶೆರ್ಜರ್ ಅವರ 21 ಕೋಟಿಯಲ್ಲಿ ಅರ್ಧ ಮುಂದೂಡಿತ್ತು, 2019ರಲ್ಲಿ ಕಪ್ಪನ್ನೂ ಗೆದ್ದಿತು. ಆಗ ಈ ಕೂಗು ಎಲ್ಲಿತ್ತು?

ಎರಡು, ತಾರೆಯೊಬ್ಬ ಬಂದರೆ ಕಪ್ ಬರುತ್ತದೆಯೇ? ಇದೇ ಒಟಾನಿ 2018ರಿಂದ 2023ರವರೆಗೆ ಏಂಜಲ್ಸ್ ತಂಡದಲ್ಲಿದ್ದರು. ಜೊತೆಗೆ ಮೈಕ್ ಟ್ರೌಟ್ ಎಂಬ ಇನ್ನೊಬ್ಬ ದಿಗ್ಗಜ. ಆ ಆರು ವರ್ಷದಲ್ಲಿ ಒಂದು ಸಲವೂ ತಂಡದ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ! ಇಬ್ಬರ ಸುತ್ತ ತಂಡ ಕಟ್ಟುವವರಿರಲಿಲ್ಲ, ಅಷ್ಟೇ.

ಮೂರು, ಆಟಗಾರನಿಗೆ ಆಯ್ಕೆ ಬೇಡವೇ? ಐಪಿಎಲ್ ಹರಾಜಿನಲ್ಲಿ ಯಾವ ತಂಡ ಎಂದು ಆಟಗಾರ ಆರಿಸುವಂತಿಲ್ಲ. ಬೇಸ್‌ಬಾಲ್‌ನಲ್ಲೂ 1975ರ ತೀರ್ಪು ಬರುವವರೆಗೆ ಆಟಗಾರ ತಂಡಕ್ಕೆ ಕಟ್ಟಿಹಾಕಿದ ಎತ್ತಿನಂತಿದ್ದ. ಈಗ ಆರು ವರ್ಷ ಆಡಿದವನು ಫ್ರೀ ಏಜೆಂಟ್ ಆಗಬಹುದು. ಹಣ ಮುಂದೂಡುವ ಸಲಹೆ ಕೊಟ್ಟವರೇ ಒಟಾನಿ. ಅವರಿಗೆ ಬೇಕಿದ್ದದ್ದು ಗೆಲ್ಲುವ ತಂಡ.

ಡಾಡ್ಜರ್ಸ್‌ಗೆ ಟಿವಿ ಒಪ್ಪಂದದಿಂದ 25 ವರ್ಷಕ್ಕೆ 835 ಕೋಟಿ ಡಾಲರ್ ಬರುತ್ತದೆ, ಸಣ್ಣ ಊರಿನ ತಂಡಗಳಿಗೆ ಅದೆಲ್ಲಿ ಎನ್ನುತ್ತೀರಾ? ಅದು ನಿಜ, ಒಪ್ಪುತ್ತೇನೆ. ಆದರೆ ಅದಕ್ಕೆಂದೇ ಶ್ರೀಮಂತ ತಂಡಗಳ ಆದಾಯದಲ್ಲಿ ಒಂದು ಪಾಲು ಸಣ್ಣ ತಂಡಗಳಿಗೆ ಹೋಗುತ್ತದೆ. ಆ ಪಾಲು ಆಟಗಾರರ ಮೇಲೆ ಖರ್ಚಾಗಬೇಕು, ಮಾಲೀಕರ ಜೇಬಿನಲ್ಲಿ ಕೂರಬಾರದು.

ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಗರಿಷ್ಠ ಮಿತಿ ಬೇಕೆಂಬ ಮಾತು ಜೋರಾಗಿದೆ. ನಾನು ಹೇಳುವುದು ಇಷ್ಟೇ: ಮೊದಲು ಕನಿಷ್ಠ ಮಿತಿ ಹಾಕಿ. ಟಿಕೆಟ್ ಕೊಂಡು ಬರುವ ಅಭಿಮಾನಿಗೆ ಮೋಸ ಮಾಡುವವನು ಗೆಲ್ಲಲು ಖರ್ಚು ಮಾಡಿದವನಲ್ಲ, ಗೆಲ್ಲುವ ಪ್ರಯತ್ನವನ್ನೇ ಮಾಡದವನು.

ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಬರೆಯಿರಿ. ವಾದ ಮಾಡೋಣ!