ಕ್ಯಾಸೆಟ್ ಕಟ್ಟೆ: ಹೆಸರೊಂದು, ಹಾಡು ಮೂರು!

ಆಗೆಲ್ಲ ಖಾಲಿ ಕ್ಯಾಸೆಟ್ಟು ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದು, ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಬರೋ ಕಾಲ. ಬೊಂಬಾಯಿಗೆ ಕೆಲಸಕ್ಕೆ ಹೊರಟಿದ್ದ ನನ್ನ ಗೆಳೆಯನಿಗೆ 'ಬ್ಯಾಕ್ ಟು ದಿ ಫ್ಯೂಚರ್' ಚಿತ್ರದ ಹುಚ್ಚು. ಅದರ 'ದಿ ಪವರ್ ಆಫ್ ಲವ್' ಹಾಡಂದ್ರೆ ಪ್ರಾಣ. ಬಸ್ಸು ಹೊರಡೋ ಹೊತ್ತಿಗೆ ಕೈಗಿಡೋಣ ಅಂತ ಚೀಟಿ ಬರೆದೆ. ಹಾಡಿನ ಹೆಸರು ಬರೆದೆ, ಹಾಡಿದವರ ಹೆಸರು ಬರೀಲಿಲ್ಲ. ಅಲ್ಲೇ ನೋಡಿ ಎಡವಟ್ಟು!

ಹದಿನೈದು ದಿನಕ್ಕೆ ಇನ್‌ಲ್ಯಾಂಡ್ ಲೆಟರ್ ಬಂತು. "ಲೇ, ಯಾರೋ ಹೆಂಗಸು ಅಳ್ತಾ ಇದಾಳಲ್ಲೋ... ನನ್ನ ಹಾಡೆಲ್ಲಿ?"

ಅಂಗಡಿಯವನ ತಪ್ಪೇನೂ ಇಲ್ಲ ಮಾರಾಯ್ರೇ. 1984ರ ಕೊನೆಯಿಂದ 1985ರ ನಡುವಿನವರೆಗೆ, ಒಂದು ವರ್ಷದೊಳಗೆ, ಇದೇ ಹೆಸರಿನ ಮೂರು ಬೇರೆ ಬೇರೆ ಹಾಡು ಬಂದವು. ರಾಗ ಬೇರೆ, ಸಾಹಿತ್ಯ ಬೇರೆ, ಮೂರೂ ಹಿಟ್!

ಮೊದಲು ಬಂದದ್ದು ಲಿವರ್‌ಪೂಲಿನ 'ಫ್ರಾಂಕಿ ಗೋಸ್ ಟು ಹಾಲಿವುಡ್' ತಂಡದ್ದು. 1984ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ನಂಬರ್ ಒನ್. ಒಂದೇ ವಾರ! ಮರುವಾರವೇ ಬ್ಯಾಂಡ್ ಏಡ್‌ನವರ ಕ್ರಿಸ್‌ಮಸ್ ಹಾಡು ಕೆಳಕ್ಕೆ ತಳ್ಳಿತು.

ಎರಡನೆಯದು ಜೆನಿಫರ್ ರಷ್ ಹಾಡಿದ್ದು. ಹುಟ್ಟಿದ್ದು ನ್ಯೂಯಾರ್ಕ್, ಹೆಸರು ಮಾಡಿದ್ದು ಜರ್ಮನಿಯಲ್ಲಿ. ಬ್ರಿಟನ್ನಿನಲ್ಲಿ ಆಮೆ ಹಾಗೆ ಹತ್ತಿದ ಈ ಹಾಡು 1985ರ ಅಕ್ಟೋಬರ್‌ನಲ್ಲಿ ತುದಿ ಮುಟ್ಟಿ ಐದು ವಾರ ಕದಲಲಿಲ್ಲ. ಒಬ್ಬಳೇ ಗಾಯಕಿಯ ಸಿಂಗಲ್ ಆ ದೇಶದಲ್ಲಿ ಹತ್ತು ಲಕ್ಷ ಮಾರಿದ್ದು ಅದೇ ಮೊದಲು. ಹುಟ್ಟಿದೂರು ಅಮೆರಿಕದಲ್ಲಿ ಮಾತ್ರ 57ಕ್ಕೇ ನಿಂತಿತು. ಹಿತ್ತಲ ಗಿಡ, ಮದ್ದಲ್ಲ!

ಮೂರನೆಯದೇ ನಮ್ಮ ಗೆಳೆಯನ ಹಾಡು. ಹ್ಯೂಯಿ ಲೂಯಿಸ್ ಮತ್ತು 'ದಿ ನ್ಯೂಸ್' ತಂಡದ್ದು. 1985ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಹೀರೋ ಮೈಕೆಲ್ ಜೆ. ಫಾಕ್ಸ್ ಸ್ಕೇಟ್‌ಬೋರ್ಡ್ ಏರಿ ಸ್ಕೂಲಿಗೆ ಹೋಗುವಾಗ ಬರುತ್ತಲ್ಲ, ಅದೇ. ಹಾಡಿನಲ್ಲಿ ಟೈಮ್ ಮೆಷಿನ್ ಸುದ್ದಿಯೇ ಇಲ್ಲ, ಆದರೂ ಚಿತ್ರಕ್ಕೆ ಅಂಟಿಕೊಂಡುಬಿಟ್ಟಿತು. ಒಂದು ತಮಾಷೆ ಗಮನಿಸಿದ್ದೀರಾ? ಹೀರೋ ತನ್ನ ತಂಡದೊಂದಿಗೆ ಆಡಿಷನ್ನಿನಲ್ಲಿ ಇದೇ ಟ್ಯೂನ್ ಶುರು ಮಾಡ್ತಾನೆ. ಮೆಗಾಫೋನ್ ಹಿಡಿದ ಕನ್ನಡಕದ ಮೇಷ್ಟ್ರು, ಗಲಾಟೆ ಜಾಸ್ತಿಯಾಯ್ತು ಅಂತ ಓಡಿಸ್ತಾರೆ. ಆ ಮೇಷ್ಟ್ರು ಬೇರಾರೂ ಅಲ್ಲ, ಸ್ವತಃ ಹ್ಯೂಯಿ ಲೂಯಿಸ್! ತನ್ನ ಹಾಡನ್ನ ತಾನೇ ಫೇಲ್ ಮಾಡಿದ ಪುಣ್ಯಾತ್ಮ. ಹಾಡು ಆಸ್ಕರ್ ನಾಮಿನೇಷನ್ನಿಗೂ ಹೋಯ್ತು, ಪ್ರಶಸ್ತಿ ಮಾತ್ರ ಲಯನೆಲ್ ರಿಚಿ ಪಾಲಾಯ್ತು.

ಒಂದೇ ಹೆಸರು ಅಂತ ಜಗಳ ಆಗಲಿಲ್ವಾ ಅಂತೀರಾ? ನಮ್ಮಲ್ಲಿ ಚಿತ್ರದ ಹೆಸರನ್ನ ವಾಣಿಜ್ಯ ಮಂಡಳಿಯಲ್ಲಿ ರಿಜಿಸ್ಟರ್ ಮಾಡಿಸ್ತಾರೆ, ಅದಕ್ಕಾಗಿ ಕಿತ್ತಾಡ್ತಾರೆ. ಹಾಡಿನ ಹೆಸರಿಗೆ ಆ ಬೇಲಿಯಿಲ್ಲ; ಬರೀ ಶೀರ್ಷಿಕೆಗೆ ಸಾಮಾನ್ಯವಾಗಿ ಕಾಪಿರೈಟ್ ಸಿಗೋದಿಲ್ಲ. ಟ್ಯೂನ್ ಮುಟ್ಟಿದರೆ ಮಾತ್ರ ಕೋರ್ಟು. ಇದೇ ಹ್ಯೂಯಿ ಲೂಯಿಸ್, 'ಘೋಸ್ಟ್‌ಬಸ್ಟರ್ಸ್' ಹಾಡು ತನ್ನ ಇನ್ನೊಂದು ಹಾಡಿನ ನಕಲು ಅಂತ ರೇ ಪಾರ್ಕರ್ ಜೂನಿಯರ್ ಮೇಲೆ ದಾವೆ ಹಾಕಿದ್ದ. 1985ರಲ್ಲಿ ಹೊರಗೇ ರಾಜಿಯಾಯ್ತು.

ಸರಿಯಾದ ಹಾಡು ತುಂಬಿಸಿ ಇನ್ನೊಂದು ಕ್ಯಾಸೆಟ್ ಕಳಿಸಿದೆ. ಉತ್ತರ ಬಂತು: "ಇದು ಇರಲಿ ಬಿಡು. ರಾತ್ರಿ ರೂಮಿಗೆ ಬಂದು ಒಬ್ಬನೇ ಕೂತಾಗ ಆ ಹೆಂಗಸಿನ ಹಾಡೇ ಬೇಕು ಕಣೋ."

ಜೆನಿಫರ್ ರಷ್ ಹಾಡನ್ನೇ ಮತ್ತೆ ಹಾಡಿ ಸೆಲೀನ್ ಡಿಯಾನ್ 1994ರಲ್ಲಿ ಅಮೆರಿಕದ ನಂಬರ್ ಒನ್ ಆದಳು. ಅದು ನಮ್ಮ ಗೆಳೆಯನ ಕಿವಿಗೆ ಬಿದ್ದದ್ದೇ ತಡ, ಎಸ್‌ಟಿಡಿ ಬೂತಿನಿಂದ ಫೋನು.

"ಲೇ, ನಮ್ಮ ಹಾಡನ್ನ ಯಾರೋ ಕದ್ದಿದಾರೆ ಕಣೋ!"