ಊರಿನ ಹೆಸರು, ಹೆಸರಿನ ಹಕ್ಕು

ತಿನಿಸೊಂದಕ್ಕೆ ಊರಿನ ಹೆಸರು ಅಂಟಿಕೊಳ್ಳುವುದು ಸುಲಭದ ಮಾತಲ್ಲ. ತಲೆಮಾರುಗಳ ಕಾಲ ಒಂದೇ ಹದದಲ್ಲಿ, ಒಂದೇ ನೇಮದಿಂದ ದುಡಿದ ಕೈಗಳಿಗೆ ಜನರು ಕೊಡುವ ಬಿರುದು ಅದು. ಆದರೆ ಬಿರುದು ಬಂದೊಡನೆ ಅದನ್ನು ಕೇಳದೆಯೇ ಧರಿಸುವವರೂ ಹುಟ್ಟಿಕೊಳ್ಳುತ್ತಾರೆ. ಧಾರವಾಡವನ್ನು ಕಣ್ಣಿನಿಂದ ಕಾಣದವನು ಕೂಡ ತನ್ನ ಡಬ್ಬಿಯ ಮೇಲೆ ‘ಧಾರವಾಡ ಪೇಢೆ’ ಎಂದು ಅಚ್ಚು ಹಾಕಿಸಿದರೆ, ದೂರದ ಊರಿನ ಗಿರಾಕಿಗೆ ನಿಜವಾವುದು, ನಕಲಾವುದು ಎಂದು ತಿಳಿಯುವುದೆಂತು?

ಈ ಅನ್ಯಾಯವನ್ನು ತಡೆಯಲೆಂದೇ ನಮ್ಮ ಸಂಸತ್ತು 1999ರಲ್ಲಿ ಸರಕುಗಳ ಭೌಗೋಳಿಕ ಸೂಚಕಗಳ ಅಧಿನಿಯಮವನ್ನು ಅಂಗೀಕರಿಸಿತು. 2003ರ ಸೆಪ್ಟೆಂಬರ್ 15ರಂದು ಅದು ಜಾರಿಗೆ ಬಂದಿತು. ನೋಂದಣಿಯ ಕಚೇರಿ ಇರುವುದು ಚೆನ್ನೈಯಲ್ಲಿ. ಮೊದಲ ಮನ್ನಣೆ ದಾರ್ಜೀಲಿಂಗಿನ ಚಹಕ್ಕೆ ಸಂದಿತು. ಧಾರವಾಡದ ಪೇಢೆಯೂ 85ನೆಯ ಸಂಖ್ಯೆಯಾಗಿ ಆ ಪಟ್ಟಿಯನ್ನು ಸೇರಿದೆ.

ಇಲ್ಲೊಂದು ಸ್ವಾರಸ್ಯವುಂಟು. ಧಾರವಾಡದ ಈ ಹೆಮ್ಮೆಯ ತಿನಿಸು ಧಾರವಾಡದವರಿಂದ ಮೊದಲಾದುದಲ್ಲ. ಉತ್ತರ ಹಿಂದೂಸ್ಥಾನದ ಉನ್ನಾವೊದಿಂದ ಪ್ಲೇಗಿನ ಹಾವಳಿಗೆ ಅಂಜಿ ವಲಸೆ ಬಂದ ಮನೆತನವೊಂದು ಇಲ್ಲಿ ಒಲೆ ಹೂಡಿತೆಂಬುದು ಪ್ರಸಿದ್ಧವಾದ ಸಂಗತಿ. ಹಾಗಾದರೆ ಪೇಢೆಯನ್ನು ಧಾರವಾಡದ್ದನ್ನಾಗಿ ಮಾಡಿದುದು ಯಾವುದು? ಇಲ್ಲಿಯ ಗೌಳಿಗರು ಸಾಕಿದ, ಅರ್ಧಚಂದ್ರದಂತೆ ಬಾಗಿದ ಕೋಡುಗಳ ಎಮ್ಮೆಯ ಹಾಲು; ಆ ಹಾಲಿನ ಖೋವಾವನ್ನು ಸಕ್ಕರೆಯೊಡನೆ ಕಂದುಬಣ್ಣ ಬರುವವರೆಗೂ ಬಿಡದೆ ಹುರಿಯುವ ತಾಳ್ಮೆ. ಕಾನೂನು ಕಾಯುವುದು ಮಾಡುವವನ ಕುಲಮೂಲವನ್ನಲ್ಲ, ಸರಕಿಗೂ ಊರಿಗೂ ಇರುವ ಈ ನಂಟನ್ನು.

ಅಧಿನಿಯಮದ ಆಶಯವು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ನೋಂದಣಿಯಾದ ಹೆಸರನ್ನು ಯಾರೂ ಪರಭಾರೆ ಮಾಡುವಂತಿಲ್ಲ, ಒತ್ತೆ ಇಡುವಂತಿಲ್ಲ. ಸುಳ್ಳು ಹೆಸರು ಹಚ್ಚಿ ಮಾರುವವನಿಗೆ ಸೆರೆವಾಸ, ದಂಡಗಳನ್ನೂ ಅದು ಗೊತ್ತುಪಡಿಸಿದೆ.

ತೊಡಕಿರುವುದು ಬೇರೆಡೆಯಲ್ಲಿ. ಪಟ್ಟಿಯಲ್ಲಿ ಪೇಢೆಯ ಹೆಸರಿದ್ದ ಮಾತ್ರಕ್ಕೆ ಪೇಢೆ ಮಾಡುವ ಪ್ರತಿಯೊಬ್ಬನೂ ಅದರ ಫಲಕ್ಕೆ ಹಕ್ಕುದಾರನಾಗುವುದಿಲ್ಲ. ಆತನು ಬೇರೆಯಾಗಿ ಅರ್ಜಿ ಸಲ್ಲಿಸಿ ‘ಅಧಿಕೃತ ಬಳಕೆದಾರ’ನೆನಿಸಿಕೊಳ್ಳಬೇಕು, ಹೆಸರನ್ನು ಬಳಸುವ ಹಕ್ಕು ಅಂಥವನಿಗೇ ಮೀಸಲು. ಹಿಂದೆ 500 ರೂಪಾಯಿಯಿದ್ದ ಆ ಅರ್ಜಿಯ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಲಾಯಿತು. ಹಣದ ಅಡ್ಡಿ ಹೀಗೆ ತೊಲಗಿತು. ಕಾಗದಪತ್ರದ ಅಡ್ಡಿ ತೊಲಗಿತೆ? ದೊಡ್ಡ ಅಂಗಡಿಗೆ ಗುಮಾಸ್ತರಿದ್ದಾರೆ, ವಕೀಲರಿದ್ದಾರೆ. ಸಣ್ಣ ಅಂಗಡಿಯವನಾದರೋ ತಾನೇ ಬಾಣಸಿಗ, ತಾನೇ ಗುಮಾಸ್ತ. ಕಡಾಯಿಯ ಹದ ಬಲ್ಲವನಿಗೆಲ್ಲ ಪ್ರಮಾಣಪತ್ರದ ಭಾಷೆ ಬರಬೇಕೆಂದಿಲ್ಲ. ಪರವೂರಿನ ನಕಲನ್ನು ತಡೆಯಲು ಕಟ್ಟಿದ ಬೇಲಿಯು, ಬಾಗಿಲೆಲ್ಲಿದೆಯೆಂದು ತಿಳಿಯದ ಮನೆಯವನನ್ನೇ ಹೊರಗೆ ನಿಲ್ಲಿಸೀತೆಂಬ ಭಯ ಹುಸಿಯಲ್ಲ.

ಹೊರಗೆ ನಿಂತ ಇನ್ನೊಬ್ಬನೂ ಇದ್ದಾನೆ. ಆತನೇ ಗೌಳಿಗ. ಪೇಢೆಯ ರುಚಿಗೆ ಆತನ ಎಮ್ಮೆಯೇ ಮೂಲವಾದರೂ, ಡಬ್ಬಿಯ ಮೇಲಿನ ಗೌರವವು ಹಾಲಿನ ದರವನ್ನು ತಾನಾಗಿಯೇ ಏರಿಸುವುದಿಲ್ಲ. ಕಾನೂನು ಹೆಸರನ್ನು ಕಾಯುತ್ತದೆ. ಬಂದ ಲಾಭವನ್ನು ಹಂಚುವುದಿಲ್ಲ. ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ದೇಶೀ ತಳಿಯೆಂಬ ರಾಷ್ಟ್ರೀಯ ಮನ್ನಣೆ ದೊರೆತುದು ಸಂತೋಷದ ವಿಷಯವೇ. ಆದರೆ ಮನ್ನಣೆಯನ್ನು ಮೇವಿನಂತೆ ಗೋದಲೆಗೆ ಹಾಕಲಾಗದು. ಗೌಳಿಗನ ಮಗನು ಎಮ್ಮೆ ಮಾರಿ ಬೇರೆ ಉದ್ಯೋಗ ಹಿಡಿದರೆ ಹೆಸರೇನೋ ಪಟ್ಟಿಯಲ್ಲಿ ಉಳಿದೀತು. ಆ ಹೆಸರಿಗೆ ಅರ್ಥ ಕೊಟ್ಟ ಹಾಲು ಉಳಿಯದು.

ಇದಕ್ಕೆ ಪರಿಹಾರ ಮನುಷ್ಯರ ಕೈಗೆಟುಕದ್ದೇನಲ್ಲ. ಸಣ್ಣ ತಯಾರಕರು ಸಂಘ ಕಟ್ಟಿಕೊಂಡು ಜೊತೆಯಾಗಿ ಅರ್ಜಿಗಳನ್ನು ಸಿದ್ಧಪಡಿಸಬಹುದು. ಸರಕಾರದವರು ಚೆನ್ನೈಯ ಕಾಗದವನ್ನು ಧಾರವಾಡದ ಲೈನ್ ಬಜಾರಿನ ಬಾಗಿಲಿಗೇ ತಂದು, ತಿಳಿಗನ್ನಡದಲ್ಲಿ ವಿವರಿಸಬಹುದು. ಏರಿದ ಬೆಲೆಯಲ್ಲಿ ಹಾಲಿನವನಿಗೂ ಒಂದು ಪಾಲನ್ನು ಸಂಘವೇ ನಿಗದಿ ಮಾಡಬಹುದು.

ಕೊಳ್ಳುವವರ ಪಾತ್ರವೂ ಚಿಕ್ಕದಲ್ಲ. ಹಬ್ಬಕ್ಕೋ ನೆಂಟರಿಗೋ ಸಿಹಿ ಒಯ್ಯುವ ಗೃಹಸ್ಥರು, ಗೃಹಿಣಿಯರು ಡಬ್ಬಿಯ ಬಣ್ಣಕ್ಕೆ ಮಾರುಹೋಗದೆ, “ಇದನ್ನು ಮಾಡಿದ್ದು ಎಲ್ಲಿ? ಹಾಲು ಎಲ್ಲಿಯದು?” ಎಂದು ಒಂದು ಮಾತು ಕೇಳಿದರೆ ಸಾಕು. ಯಾವ ಅಧಿನಿಯಮವೂ ನೇಮಿಸಲಾರದ ತನಿಖಾಧಿಕಾರಿಗಳು ಅವರೇ.