ಸರಕು ಸೆಳೆಯಲು ಬಂದರುಗಳ ಪೈಪೋಟಿ: ವಾಢವಣಕ್ಕೆ ಸವಾಲು

ಮುಂಬಯಿ: ಸರಕು ಕಳುಹಿಸುವ ವ್ಯಾಪಾರಿ ಬಂದರಿನ ದರಪಟ್ಟಿಯನ್ನಷ್ಟೇ ನೋಡುವುದಿಲ್ಲ. ಮಾಲು ಬಂದರಿನಲ್ಲಿ ಉಳಿದಷ್ಟು ದಿನ ಏರುವ ಬಾಡಿಗೆ, ಬ್ಯಾಂಕ್ ಬಡ್ಡಿ, ರೈಲು-ಲಾರಿ ವೆಚ್ಚ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾನೆ.

ಮುಂಬಯಿ ಬಂದರಿನ ದಟ್ಟಣೆ ತಗ್ಗಿಸಲೆಂದು 1989ರಲ್ಲಿ ಆರಂಭವಾದ ನ್ಹಾವಾ ಶೇವಾ, ಅದರ ಕಂಟೇನರ್ ವಹಿವಾಟನ್ನೇ ತನ್ನತ್ತ ಸೆಳೆದುಕೊಂಡಿತು. ಆಳವಾದ ನೀರು, ಉತ್ತರ ಭಾರತಕ್ಕೆ ರೈಲು ಸಂಪರ್ಕವಿರುವ ಗುಜರಾತಿನ ಖಾಸಗಿ ಬಂದರು ಮುಂದ್ರಾ 2020-21ರಲ್ಲಿ ಕಂಟೇನರ್ ಸಂಖ್ಯೆಯಲ್ಲಿ ನ್ಹಾವಾ ಶೇವಾವನ್ನೂ ಹಿಂದಿಕ್ಕಿತು.

ಪಾಲ್ಘರ್ ಜಿಲ್ಲೆಯ ವಾಢವಣದಲ್ಲಿ ಸಮುದ್ರಕ್ಕೆ ಸುಮಾರು 20 ಮೀಟರ್ ಸಹಜ ಆಳವಿದೆ. ಅಲ್ಲಿ 76,220 ಕೋಟಿ ರೂ. ವೆಚ್ಚದ ಬಂದರಿಗೆ ಕೇಂದ್ರ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿದೆ. ಸ್ಥಳೀಯ ಮೀನುಗಾರರು ಇದನ್ನು ವಿರೋಧಿಸಿದ್ದಾರೆ. ರೈಲು, ಹೆದ್ದಾರಿ ಬಂದರಿನ ಜೊತೆಗೇ ಸಿದ್ಧವಾಗದಿದ್ದರೆ ಸರಕು ಗುಜರಾತಿನತ್ತಲೇ ಸಾಗೀತು. ಮೀನುಗಾರರ ನಷ್ಟ ಮಾತ್ರ ಇಲ್ಲೇ ಉಳಿದೀತು.